ಎತ್ತರದ ಗದ್ದೆಯ ಸರದಿ

ಹೊನ್ನೂರಿನ ನೀರು ಬಳಕೆದಾರರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯೇ ಸರದಿ ಪಟ್ಟಿ ಬಂತು. ಚಿಕ್ಕಬಸಮ್ಮನ ಗದ್ದೆ ಅದರಲ್ಲಿ ಹತ್ತೊಂಬತ್ತನೆಯದು, ಎಲ್ಲಕ್ಕಿಂತ ಕೊನೆಯದು. ಅವಳದು ಎತ್ತರದ ಗದ್ದೆ. ನಾಲೆ ತುಂಬಿ ಹರಿಯುವ ಮೊದಲ ದಿನವೇ ನೀರು ಹತ್ತಬೇಕು. ಕೆಳಗಿನ ತೂಬುಗಳು ತೆರೆದ ಮೇಲೆ ಹತ್ತುವುದಿಲ್ಲ. ಭತ್ತದ ಪೈರು ಆಗಲೇ ಹಳದಿಗೆ ತಿರುಗುತ್ತಿತ್ತು.

ಗುಂಪಿನಲ್ಲಿ ಹೇಳೋಣವೆಂದರೆ ಅಲ್ಲಿ ಅಡ್ಮಿನ್‌ಗಳಿಗೆ ಮಾತ್ರ ಮಾತು. ಅವರು ಇಬ್ಬರೇ: ಅಧ್ಯಕ್ಷ ಸದಾಶಿವಪ್ಪ, ಕಾರ್ಯದರ್ಶಿ ದೀಪಶ್ರೀ. ಚಿಕ್ಕಬಸಮ್ಮ ನಾಲೆಯ ಕಡೆ ಓಡಿದಳು.

ತೂಬಿನ ಬಳಿ ಇಬ್ಬರೂ ಇದ್ದರು. ನಲವತ್ತು ವರ್ಷದಿಂದ ನೀರುಗಂಟಿಯಾಗಿ ತೂಬು ತೆಗೆದು ಮುಚ್ಚಿದ ದೊಡ್ಡಮಾದಪ್ಪ ಪಕ್ಕದಲ್ಲಿ ನಿಂತಿದ್ದ.

“ಯಜಮಾನ್ರೇ, ನನ್ ಗದ್ದೆನ ಕೊನೀಗ್ ಆಕಿದ್ದೀರಲ್ಲ, ನೀರು ಏಣಿ ಅತ್ಕಂಡು ಬತ್ತದಾ?”

“ಸರ್ವೆ ನಂಬರ್ ಪ್ರಕಾರ ಬರ್ದಿದ್ದೀನಿ ಅತ್ತೆ, ಯಾರ್ಗೂ ಅನ್ಯಾಯ ಆಗ್ಬಾರ್ದು ಅಂತ,” ಎಂದಳು ದೀಪಶ್ರೀ. ಪಾಪ, ಎರಡು ದಿನ ಕೂತು ಬರೆದಿದ್ದಳು.

ಸದಾಶಿವಪ್ಪ ಮುದುಕನತ್ತ ತಿರುಗಿದರು. “ಏನ್ಲಾ ಮಾದಪ್ಪ, ನಿಂಗ್ ಗೊತ್ತಿರ್ನಿಲ್ವಾ?”

“ಗೊತ್ತಿತ್ತು ಬುದ್ಧಿ. ಯಾರೂ ಕೇಳ್ನಿಲ್ಲ. ನನ್ ಫೋನ್ಗೆ ಬರೀ ಮಾತ್ ಬತ್ತದೆ, ಪಟ್ಟಿ ಬರಾಕಿಲ್ಲ.”

ಊರಿಗೆಲ್ಲ ಹೋದ ಪಟ್ಟಿಯನ್ನು ದೊಡ್ಡವರು ಹಿಂತೆಗೆದುಕೊಂಡಾರೇ? ಚಿಕ್ಕಬಸಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಳು.

ಸದಾಶಿವಪ್ಪ ಗುಂಪಿಗೆ ಮಾತು ಕಳಿಸಲು ಫೋನನ್ನು ಬಾಯ ಬಳಿ ಹಿಡಿದರು. “ಪಟ್ಟಿ ತಪ್ಪಾಗದೆ. ತಪ್ಪು ನಂದು. ಇವತ್ನಿಂದ ಮಾದಪ್ಪ ಯೋಳ್ದಂಗೆ.”

ನಂದು ಎಂದರು, ದೀಪಶ್ರೀಯ ಹೆಸರನ್ನೇ ಎತ್ತಲಿಲ್ಲ. ಆ ಹುಡುಗಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಅವರು ಫೋನನ್ನು ಮುದುಕನ ಬಾಯಿಗೆ ಹಿಡಿದು, ಅವನು ಕೆಮ್ಮುತ್ತಾ, ನೆನಪಿಸಿಕೊಳ್ಳುತ್ತಾ ಎಲ್ಲರ ಹೆಸರು ಹೇಳಿ ಮುಗಿಸುವವರೆಗೂ ಕೈ ಇಳಿಸಲಿಲ್ಲ. ಮೊದಲ ಹೆಸರು ಚಿಕ್ಕಬಸಮ್ಮನದು. ಅಷ್ಟರಲ್ಲಿ ದೀಪಶ್ರೀ ಗುಂಪಿನಲ್ಲಿ ಎಲ್ಲರಿಗೂ ಮಾತಾಡಲು ದಾರಿ ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ನೀರು ಗದ್ದೆಗೆ ಹತ್ತಿತು. ಚಿಕ್ಕಬಸಮ್ಮ ಗುಂಪಿನಲ್ಲಿ ಮೊದಲ ಬಾರಿ ಮೈಕು ಒತ್ತಿದಳು. ಬಗ್ಗಿ ಫೋನನ್ನು ಕಾಲುವೆಯ ಹತ್ತಿರ ಹಿಡಿದು ನೀರಿನ ಸದ್ದನ್ನೇ ಕಳಿಸಿದಳು.

ಸ್ವಲ್ಪ ಹೊತ್ತಿಗೆ ದೀಪಶ್ರೀಯ ಫೋನಿನಿಂದ ಮಾದಪ್ಪನ ದನಿ ಬಂತು: “ಸದ್ದು ತೆಳ್ಳಗದೆ ಕಣವ್ವಾ. ಮ್ಯಾಗಡೆ ಬದ ನೋಡು, ಏಡಿ ತೂತ ಮಾಡಿರ್ಬೇಕು.”

ಹೋಗಿ ನೋಡಿದಳು. ಮಾಡಿತ್ತು. ನಗುತ್ತಾ ಒಂದು ಹಿಡಿ ಕೆಸರು ತೆಗೆದು ಮೆತ್ತಿದಳು.