ಬೇಗೂರಿನ ಮಜ್ಜಿಗೆ ದೋಸೆ

ನಾಗರತ್ನ ರಾಜಶೇಖರನನ್ನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದಾಗ ಅವಳಿಗೆ ಮೂವತ್ತಾರು ವರ್ಷ, ಅವನ ಮಗಳು ಶಿವಾನಿಗೆ ಒಂಬತ್ತು. ಅವಳ ತವರು ಚಾಮರಾಜನಗರ. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅಪ್ಪನನ್ನು ನೋಡಿಕೊಳ್ಳುತ್ತ, ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತ ಹನ್ನೆರಡು ವರ್ಷ ಕಳೆದಿದ್ದಳು. ಅಪ್ಪ ತೀರಿಕೊಂಡ ಮರುವರ್ಷ ಈ ಸಂಬಂಧ ಬಂತು. ರಾಜಶೇಖರ ಈರುಳ್ಳಿ, ತರಕಾರಿ ವ್ಯಾಪಾರಿ. ಮಾತು ಕಡಿಮೆ, ಸಂಭಾವಿತ. ಮೊದಲ ಹೆಂಡತಿ ಶಾಂತಿ ಜ್ವರ ಬಂದು ಎಂಟೇ ದಿನದಲ್ಲಿ ಹೋಗಿಬಿಟ್ಟಾಗ ಮಗುವಿಗೆ ನಾಲ್ಕು ವರ್ಷ ತುಂಬಿರಲಿಲ್ಲ.

ಶಿವಾನಿ ಹಟ ಮಾಡುವ ಹುಡುಗಿಯಲ್ಲ. ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ಆದರೆ ನಾಗರತ್ನಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಅಡುಗೆಮನೆಗೆ ಬಂದು, ಅವಳು ತಿರುಗಿ ನೋಡುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದಳು. ಬೆಳಗ್ಗೆ ಏನು ಮಾಡಿಕೊಟ್ಟರೂ ಅರ್ಧ ತಿಂದು, ತಟ್ಟೆಯನ್ನು ತಾನೇ ತೊಳೆದಿಟ್ಟು ಸ್ಕೂಲಿಗೆ ಹೊರಡುತ್ತಿದ್ದಳು. ನಾಗರತ್ನಳಿಗೆ ಆ ತೊಳೆದಿಟ್ಟ ತಟ್ಟೆಯನ್ನು ಕಂಡರೆ ಸಂಕಟವಾಗುತ್ತಿತ್ತು. ನೆಂಟರ ಮನೆಯಲ್ಲಿ ಉಳಿದುಕೊಂಡ ಮಗು ಹಾಗೆ ಮಾಡುತ್ತದೆ.

ಭಾನುವಾರ ಮಾತ್ರ ಬೇರೆ. ಅಂದು ಬೆಳಗ್ಗೆ ರಾಜಶೇಖರ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬೇಗೂರಿಗೆ ಬಿಟ್ಟುಬರುತ್ತಿದ್ದ. ಅಲ್ಲಿ ಶಾಂತಿಯ ತಂದೆ ನೀಲಕಂಠಸ್ವಾಮಿ, ತಾಯಿ ಪುಟ್ಟಬಸಮ್ಮ, ಮಗ ಸೊಸೆಯ ಜೊತೆ ಇದ್ದರು. ಪುಟ್ಟಬಸಮ್ಮ ಮೊಮ್ಮಗಳಿಗೆಂದು, ತಾನು ಶಾಂತಿಗೆ ಕಲಿಸಿದ್ದ ಮಜ್ಜಿಗೆ ದೋಸೆ ಹುಯ್ಯುತ್ತಿದ್ದಳು. ಕಾವಲಿಯ ಮೇಲೆ ದಪ್ಪಗೆ ಹುಯ್ದು, ಹರಡದೆ, ಮುಚ್ಚಳ ಮುಚ್ಚಿ ಒಂದೇ ಕಡೆ ಬೇಯಿಸುವ ದೋಸೆ. ಮೈಯೆಲ್ಲ ಜೇನುಗೂಡಿನಂತೆ ತೂತು, ಮುಟ್ಟಿದರೆ ಹತ್ತಿ. ಮನೆಯಲ್ಲಿ ಅರ್ಧ ಇಡ್ಲಿ ಬಿಡುವ ಹುಡುಗಿ ಅಲ್ಲಿ ಬೆಣ್ಣೆ ಹಾಕಿಸಿಕೊಂಡು ಐದು ತಿನ್ನುತ್ತಾಳೆಂದು ರಾಜಶೇಖರನೇ ಒಮ್ಮೆ ಹೇಳಿದ್ದ.

ಆಷಾಢದಲ್ಲಿ ಶಿವಾನಿಗೆ ಜ್ವರ ಬಂತು. ಎರಡು ಭಾನುವಾರ ಬೇಗೂರಿಗೆ ಹೋಗಲಾಗಲಿಲ್ಲ. ಶಾಂತಿಯ ತಿಥಿಯಾದ ಮೇಲೆ ಪುಟ್ಟಬಸಮ್ಮ ಗುಂಡ್ಲುಪೇಟೆಯ ಆ ಮನೆಯ ಹೊಸಲು ತುಳಿದಿರಲಿಲ್ಲ, ಈಗಲೂ ಬರಲಿಲ್ಲ. ಟೊಮೆಟೊ ಹಾಕಲು ಮಾರ್ಕೆಟ್ಟಿಗೆ ಬಂದ ಮಗ ಶಿವಮಲ್ಲಪ್ಪನ ಕೈಯಲ್ಲಿ ಡಬ್ಬಿ ಕಳಿಸಿದ್ದಳು. ಬಾಳೆಲೆಯಲ್ಲಿ ಸುತ್ತಿದ ನಾಲ್ಕು ದೋಸೆ ತಣ್ಣಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರು ದಿನದಿಂದ ಗಂಜಿಯನ್ನೂ ದೂಡುತ್ತಿದ್ದ ಶಿವಾನಿ ಎದ್ದು ಕೂತು ಎರಡು ತಿಂದಳು. ಉಳಿದೆರಡನ್ನು ನಾಳೆಗೆ ಇಡಿ ಎಂದು ಮೆಲ್ಲಗೆ ಹೇಳಿದಳು.

ನಾಗರತ್ನ ಅಂದೇ ತೀರ್ಮಾನ ಮಾಡಿದಳು. ಫೋನಿನಲ್ಲಿ ಹುಡುಕಿದರೆ ಹತ್ತು ಮಂದಿ ಹತ್ತು ರೀತಿ ಹೇಳುತ್ತಿದ್ದರು. ಒಬ್ಬರು ಅವಲಕ್ಕಿ ಹಾಕಿ ಅಂದರೆ ಇನ್ನೊಬ್ಬರು ಅನ್ನ ಹಾಕಿ ಅನ್ನುತ್ತಿದ್ದರು. ಯಾರದೋ ದೋಸೆ ಮಾಡಿ ಏನು ಪ್ರಯೋಜನ, ಮಗುವಿಗೆ ಬೇಕಿರುವುದು ಬೇಗೂರಿನದು ಎಂದುಕೊಂಡಳು. ಮುಂದಿನ ಭಾನುವಾರ ಶಿವಾನಿ ಬೈಕಿನಲ್ಲಿ ಹೋದ ಮೇಲೆ ತಾನೂ ಬಸ್ಸು ಹತ್ತಿದಳು.

ಮೊದಲ ಸಲ ಬಂದವಳನ್ನು ಪುಟ್ಟಬಸಮ್ಮ ಒಳಗೆ ಕರೆದು ಕೂರಿಸಿದಳು, ನೀರು ಕೊಟ್ಟಳು, ಹೂವು ಮುಡಿಸಿದಳು. ಮಾಡುವುದನ್ನೆಲ್ಲ ಮಾಡಿದಳು, ಮುಖ ಮಾತ್ರ ಬಿಗಿಯಾಗಿತ್ತು. ದೋಸೆ ಕಲಿಯಲು ಬಂದೆ ಎಂದು ನಾಗರತ್ನ ಹೇಳಿದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಹಿಟ್ಟು ಹಿಂದಿನ ದಿನವೇ ರುಬ್ಬಿಟ್ಟು ಉಬ್ಬಿ ನಿಂತಿತ್ತು. ಹಾಗಾಗಿ ನಾಗರತ್ನ ಕಣ್ಣಾರೆ ಕಂಡದ್ದು ಹುಯ್ಯುವುದನ್ನು ಮಾತ್ರ. ಉಳಿದದ್ದನ್ನು ಪುಟ್ಟಬಸಮ್ಮ ಬಾಯಲ್ಲಿ ಹೇಳಿದಳು, ಅವಳು ಚೀಟಿಯಲ್ಲಿ ಬರೆದುಕೊಂಡಳು. ಅಕ್ಕಿ ಇಷ್ಟು, ಅವಲಕ್ಕಿ ಇಷ್ಟು, ಅಕ್ಕಿಯನ್ನು ನೀರಲ್ಲಿ ನೆನೆಹಾಕಬೇಕು, ಬೆಳಗ್ಗೆ ಹುಯ್ಯುವಾಗ ಒಂದು ಲೋಟ ಮಜ್ಜಿಗೆ ಬೆರೆಸಬೇಕು. ಅಷ್ಟೇ.

ಜಗಲಿಯಲ್ಲಿ ಕೂತು ಕೇಳಿಸಿಕೊಂಡಿದ್ದ ನೀಲಕಂಠಸ್ವಾಮಿ, ಎಲ್ಲರೂ ಹೋದ ಮೇಲೆ ಹೆಂಡತಿಯ ಕಡೆ ನೋಡಿ ಕೇಳಿದ.

"ನೀರು ಅಂದ್ಯಲ್ಲ."

ಪುಟ್ಟಬಸಮ್ಮ ಕಾವಲಿ ತೊಳೆಯಲು ಹಿತ್ತಲಿಗೆ ಹೋದಳು.

ನಾಗರತ್ನ ಮಂಗಳವಾರ ಮಾಡಿದಳು. ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡು, ಲ್ಯಾಬಿನಲ್ಲಿ ಅಳೆಯುವ ಹಾಗೆ ಅಳೆದು, ಬರೆದದ್ದನ್ನು ಬರೆದ ಹಾಗೇ ಮಾಡಿದಳು. ದೋಸೆ ಒಂದು ತೂತೂ ಬಿಡದೆ ಹಲಗೆಯಂತೆ ಕೂತಿತು. ಗುರುವಾರ ಇನ್ನಷ್ಟು ಹುಳಿ ಮಜ್ಜಿಗೆ ಬೆರೆಸಿದಳು. ಹುಳಿಯಾಯಿತು, ಹಗುರವಾಗಲಿಲ್ಲ. ಶನಿವಾರ ಬೆಳಗ್ಗೆ ಐದಕ್ಕೆದ್ದು ಹಿಟ್ಟಿನ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟುನೋಡಿದಳು. ಅದೂ ಅಷ್ಟೇ. ಮೂರು ಸಲವೂ ಶಿವಾನಿ ನಡುನಡುವೆ ನೀರು ಕುಡಿಯುತ್ತ ತಿಂದಳು. ಚೆನ್ನಾಗಿಲ್ಲ ಅಲ್ವಾ ಎಂದು ಕೇಳಿದ್ದಕ್ಕೆ, ಪರವಾಗಿಲ್ಲ ಎಂದಳು.

ಮರುದಿನ ಬೇಗೂರಿನಲ್ಲಿ ಶಿವಾನಿಯೇ ಇದನ್ನು ಅಜ್ಜಿಗೆ ಹೇಳಿದಳು. ಅವರು ಮೂರು ಸಲ ಮಾಡಿದರು, ಬರಲಿಲ್ಲ ಅಂದಾಗ ಪುಟ್ಟಬಸಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ಹುಡುಗಿ ಅಲ್ಲಿಗೇ ನಿಲ್ಲಿಸಲಿಲ್ಲ. ಬಿಟ್ಟರೆ ಅವರಿಗೆ ಬೇಜಾರಾಗುತ್ತೆ, ಅದಕ್ಕೆ ನೀರು ಕುಡಿದು ಕುಡಿದು ಪೂರ್ತಿ ತಿಂದೆ ಅಂದಳು. ಪುಟ್ಟಬಸಮ್ಮ ಬೆಣ್ಣೆ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತುಬಿಟ್ಟಳು. ಅವತ್ತು ಅವಳಿಗೆ ದೋಸೆ ಸೇರಲಿಲ್ಲ.

ಬುಧವಾರ ಮಧ್ಯಾಹ್ನ ನಾಗರತ್ನ ಮತ್ತೆ ಬಂದಳು. ಗುಂಡ್ಲುಪೇಟೆಯಲ್ಲಿ ಕೆಲಸಕ್ಕೆ ಸೇರಿದ್ದ ಲ್ಯಾಬಿಗೆ ಅರ್ಧ ದಿನ ರಜೆ ಹಾಕಿದ್ದಳು. ಸ್ಟೀಲು ಡಬ್ಬಿ ತೆರೆದು, ಬೆಳಗ್ಗೆ ಹುಯ್ದಿದ್ದ ದೋಸೆಯನ್ನು ತೋರಿಸಿ, ಎಲ್ಲಿ ತಪ್ಪುತ್ತಿದ್ದೇನೆ ನೋಡಿ ಹೇಳಿ ಎಂದಳು. ತಮ್ಮ ಮನೆಯ ಗ್ಯಾಸಿನ ಉರಿ ಜಾಸ್ತಿಯಿರಬಹುದು ಎಂದು ಅವಳಿಗೇ ಅನುಮಾನ. ಪುಟ್ಟಬಸಮ್ಮ ದೋಸೆಯನ್ನು ಮುರಿದು ನೋಡಿದಳು. ಉರಿ ಇರಬೌದು, ಅಕ್ಕಿ ಹೊಸದಿರಬೌದು ಎಂದು ಏನೇನೋ ಹೇಳತೊಡಗಿದಳು. ನಾಗರತ್ನ ಅದನ್ನೂ ಬರೆದುಕೊಳ್ಳಲು ಪೆನ್ನು ತೆಗೆದಳು.

"ಫೋನಲ್ಲಿ ಸುಮಾರು ಜನ ಅಕ್ಕೀನ ಮಜ್ಜಿಗೇಲೇ ನೆನೆಸಿ ಅಂತಾರೆ ಅಮ್ಮ," ಎಂದಳು ಬರೆಯುತ್ತಲೇ. "ನೀವು ನೀರು ಅಂದಿದ್ರಿ. ನಾನು ನೀರೇ ಹಾಕಿದೆ. ನಲವತ್ತು ವರ್ಷದಿಂದ ಮಾಡ್ತಿರೋರು ನೀವು, ಅವರ ಮಾತು ಯಾಕೆ ಕೇಳಲಿ ಅಂತ."

ಆ ಮಾತಿನಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಪುಟ್ಟಬಸಮ್ಮನಿಗೆ ಸುಲಭವಾಗುತ್ತಿತ್ತು, ತಿರುಗಿಸಿ ಒಂದು ಮಾತಾಡಿ ಮುಗಿಸುತ್ತಿದ್ದಳು. ಅವಳು ಎದ್ದು ಹಿತ್ತಲಿಗೆ ಹೋದಳು. ಒಳಗೆ ಬಂದಾಗ ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡಿದ್ದಳು.

"ಪೆನ್ನು ಮಡುಗು," ಎಂದಳು. "ನಾನು ನಿಂಗೆ ಸುಳ್ಳು ಏಳ್ಬುಟ್ಟೆ ಕಣವ್ವ. ನೆನಾಕೋದು ಮಜ್ಜಿಗೇಲೇ. ನೀರು ಸೋಕುಸ್ಬಾರದು. ಒಂದು ಚಿಟಿಕೆ ಮೆಂತ್ಯನೂ ಹಾಕ್ಬೇಕು, ಅದ್ನೂ ಏಳ್ನಿಲ್ಲ."

ನಾಗರತ್ನಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಆಮೇಲೆ ಸಿಟ್ಟು ಬಂತು. ಐದು ಗಂಟೆಗೆದ್ದ ಬೆಳಗು, ನೀರು ಕುಡಿದು ಕುಡಿದು ನುಂಗುತ್ತಿದ್ದ ಹುಡುಗಿಯ ಗಂಟಲು, ಎಲ್ಲ ಕಣ್ಣೆದುರು ಬಂತು. ಯಾಕೆ ಎಂದಷ್ಟೇ ಕೇಳಿದಳು.

"ನನ್ನ ಮಗಳಂತೂ ಒಂಟೋದ್ಲು," ಪುಟ್ಟಬಸಮ್ಮ ನೆಲ ನೋಡುತ್ತ ಹೇಳಿದಳು. "ಈ ಮಗ ವಾರಕ್ಕೊಂದು ಸಲ ಬತ್ತದೆ. ದೋಸೆಗೇ ಬತ್ತದೆ ಅನ್ಕಂಡಿದ್ದೆ. ಅದ್ನೂ ನೀನು ಕಲ್ತ್ಕಂಡ್ರೆ ಇಲ್ಲಿಗ್ಯಾಕೆ ಬಂದದು? ಅಷ್ಟೇ ಕಣವ್ವ ನನ್ನ ಬುದ್ಧಿ."

ನಾಗರತ್ನಳ ಸಿಟ್ಟು ಇಳಿದುಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಜೊತೆಗೇ, ತಾನು ಎಂಟು ತಿಂಗಳಿಂದ ಬಾಗಿಲಲ್ಲಿ ನಿಂತ ಮಗುವಿಗಾಗಿ ಪಡುತ್ತಿರುವ ಪಾಡಿಗೂ ಈ ಹೆಂಗಸಿನ ಪಾಡಿಗೂ ಅಂಥ ವ್ಯತ್ಯಾಸವಿಲ್ಲ ಅನ್ನಿಸಿತು. ಹಾಗಾದರೆ ಈಗಲೇ ತೋರಿಸಿಕೊಡಿ ಎಂದಳು.

ಪುಟ್ಟಬಸಮ್ಮ ಹಿಡಿ, ಮುಚ್ಚಳವಿದ್ದ ತೂಗುಪಾತ್ರೆಯೊಂದಕ್ಕೆ ಅಕ್ಕಿ ತೊಳೆದು ನೀರು ಬಸಿದು ಹಾಕಿದಳು. ಮೆಂತ್ಯ ಹಾಕಿದಳು. ಮೂರು ದಿನದ ಹುಳಿ ಮಜ್ಜಿಗೆಯನ್ನು ಅಕ್ಕಿ ಮುಳುಗಿ ಎರಡು ಬೆರಳು ಮೇಲೆ ನಿಲ್ಲುವಷ್ಟು ಸುರಿದಳು. ಸಂಜೆ ತನಕ ನೆನೆಯಬೇಕು, ರುಬ್ಬುವಾಗ ಅವಲಕ್ಕಿಯನ್ನೂ ಇದೇ ಮಜ್ಜಿಗೆಯಲ್ಲಿ ನೆನೆಸಿ ಹಾಕಬೇಕು, ಬೆಳಗ್ಗೆ ಹುಯ್ಯಬೇಕು. ತೆಗೆದುಕೊಂಡು ಹೋಗು ಎಂದು ಪಾತ್ರೆಯನ್ನು ನಾಗರತ್ನಳ ಕೈಗೆ ಕೊಟ್ಟಳು. ಅವಳು ಹೊಸಲು ದಾಟುವಷ್ಟರಲ್ಲಿ, ತಡಿ ಎಂದಳು. ಒಳಗೆ ಹೋಗಿ ಒಂದು ಸೀರೆಯನ್ನು ಚೀಲಕ್ಕೆ ತುರುಕಿಕೊಂಡು ಬಂದಳು. ಜಗಲಿಯಲ್ಲಿದ್ದ ಗಂಡನಿಗೆ, ರುಬ್ಬಿಕೊಟ್ಟು ನಾಳೆ ಬರುತ್ತೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿದಳು. ನೀಲಕಂಠಸ್ವಾಮಿ ಬಸ್‌ ಸ್ಟ್ಯಾಂಡಿನ ತನಕ ಚೀಲ ಹಿಡಿದುಕೊಂಡು ಬಂದ.

ಊಟಿ ಕಡೆ ಹೋಗುವ ಬಸ್ಸು ತುಂಬಿತ್ತು. ಯಾರೋ ಎದ್ದು ಪುಟ್ಟಬಸಮ್ಮನಿಗೆ ಜಾಗ ಕೊಟ್ಟರು. ಅವಳು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಂಪ್ ಬಂದಾಗಲೆಲ್ಲ ಮುಚ್ಚಳ ಒತ್ತಿ ಹಿಡಿದಳು. ಗುಂಡ್ಲುಪೇಟೆ ಹತ್ತಿರವಾದಂತೆ ಅವಳು ಪಕ್ಕದಲ್ಲಿ ನಿಂತಿದ್ದ ನಾಗರತ್ನಳ ಸೀರೆಯ ನೆರಿಗೆಯನ್ನು ಹಿಡಿದುಕೊಂಡಳು. ಇಳಿಯುವವರೆಗೂ ಬಿಡಲಿಲ್ಲ.

ಮನೆಯ ಬಾಗಿಲಲ್ಲಿ ಪುಟ್ಟಬಸಮ್ಮನ ಕಾಲು ನಿಂತುಹೋಯಿತು. ಎದುರು ಗೋಡೆಯಲ್ಲಿ ಶಾಂತಿಯ ಫೋಟೊ ಇತ್ತು. ಅದಕ್ಕೆ ಹಾಕಿದ್ದ ಚೆಂಡು ಹೂವಿನ ಹಾರ ಅವತ್ತಿನದೇ. ಮದುವೆಯಾದ ಮೇಲೆ ಫೋಟೊವನ್ನು ಒಳಕೋಣೆಗೆ ಹಾಕಿರುತ್ತಾರೆ ಎಂದು ಅವಳು ಎಷ್ಟೋ ರಾತ್ರಿ ಅಂದುಕೊಂಡಿದ್ದಳು. ಹಾರ ಯಾರು ಹಾಕುತ್ತಾರೆ ಎಂದು ಕೇಳಲಿಲ್ಲ. ಸ್ಕೂಲಿನಿಂದ ಬಂದು ಹೋಂವರ್ಕ್ ಮಾಡುತ್ತಿದ್ದ ಶಿವಾನಿ ಅಜ್ಜಿಯನ್ನು ನೋಡಿ, ನಂಬಲಾಗದೆ, ಪೆನ್ಸಿಲ್ ಹಿಡಿದುಕೊಂಡೇ ಓಡಿಬಂದು ಸೊಂಟ ತಬ್ಬಿಕೊಂಡಳು.

ಬೆಳಗ್ಗೆ ಹಿಟ್ಟು ಪಾತ್ರೆಯ ಬಾಯಿಗೆ ಬಂದಿತ್ತು. ಪುಟ್ಟಬಸಮ್ಮ ಕಾವಲಿಯ ಮುಂದೆ ನಿಲ್ಲಲಿಲ್ಲ. ಸೌಟನ್ನು ನಾಗರತ್ನಳಿಗೆ ಕೊಟ್ಟು, ತಾನು ಸ್ಟೂಲಿನ ಮೇಲೆ ಕೂತು ಹೇಳುತ್ತ ಹೋದಳು. ಹರಡಬೇಡ, ಅದೇ ಹರಡಿಕೊಳ್ಳಲಿ. ಈಗ ಮುಚ್ಚು. ತೆಗೆಯಬೇಡ, ಇನ್ನೂ ತೆಗೆಯಬೇಡ. ಮುಚ್ಚಳ ತೆಗೆದಾಗ ಹಬೆಯ ಕೆಳಗೆ ದೋಸೆಯ ಮೈತುಂಬ ಸಣ್ಣ ಸಣ್ಣ ಕಣ್ಣು ಬಿಟ್ಟಿದ್ದವು. ನಾಗರತ್ನ ಸೌಟು ಹಿಡಿದುಕೊಂಡೇ ಅದನ್ನು ನೋಡುತ್ತ ನಿಂತಳು. ಸೀದೋಗುತ್ತೆ ಎಂದು ಪುಟ್ಟಬಸಮ್ಮನೇ ಎದ್ದು ಉರಿ ತಗ್ಗಿಸಬೇಕಾಯಿತು.

ಶಿವಾನಿ ಎರಡು ತಿಂದು ಮೂರನೆಯದಕ್ಕೆ ತಟ್ಟೆ ಒಡ್ಡಿದಳು. ಪುಟ್ಟಬಸಮ್ಮ ತಡೆಯಲಾರದೆ ಕೇಳಿದಳು.

"ನಿಮ್ಮವ್ವ ಮಾಡ್ದಂಗೇ ಅದಾ ಮಗ?"

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ಅಜ್ಜಿಯ ಮುಖ ನೋಡಿದಳು, ಆಮೇಲೆ ನಾಗರತ್ನಳ ಮುಖ.

"ಅಮ್ಮ ಮಾಡಿದ್ದು ನಂಗೆ ನೆನಪಿಲ್ಲ ಅಜ್ಜಿ," ಎಂದಳು. "ನೀನು ಮಾಡಿದ್ದೇ ಗೊತ್ತಿರೋದು."

ತಾನೇನೋ ತಪ್ಪು ಮಾಡಿದವಳ ಹಾಗೆ ಅವಳ ದನಿ ಸಣ್ಣಗಾಗಿತ್ತು. ಇಷ್ಟು ವರ್ಷ ಎಲ್ಲರೂ ಅದು ಅಮ್ಮನ ರುಚಿ ಎಂದು ಹೇಳುತ್ತಿದ್ದಾಗ ಹೂಂ ಅನ್ನುತ್ತ ಬಂದಿದ್ದಳು, ಇವತ್ತು ಹೇಳಿಬಿಟ್ಟಿದ್ದಳು. ಪುಟ್ಟಬಸಮ್ಮನ ಕಣ್ಣು ತುಂಬಿದವು. ಆಗ ಕಾವಲಿಯ ಮುಂದಿದ್ದ ನಾಗರತ್ನ, ಈ ಕಡೆ ತಿರುಗದೆ, ಶಾಂತಿ ಸಣ್ಣವಳಿದ್ದಾಗ ಹೇಗಿದ್ದಳು ಅಮ್ಮ ಎಂದು ಕೇಳಿದಳು.

ಪುಟ್ಟಬಸಮ್ಮ ಮೂಗೊರೆಸಿಕೊಂಡು ಹೇಳತೊಡಗಿದಳು. ಶಾಂತಿ ಶಿವಾನಿಯಷ್ಟಿದ್ದಾಗ ದೋಸೆ ಬೇಯುವ ತನಕ ಕಾಯಲಾರದೆ ಮುಚ್ಚಳ ತೆಗೆತೆಗೆದು ನೋಡಿ ಕೆಡಿಸುತ್ತಿದ್ದದ್ದು, ಏಟು ಬೀಳುತ್ತದೆಂದು ಹುಣಸೆ ಮರ ಹತ್ತಿ ಕೂತದ್ದು, ಇಳಿಯಲು ಬಾರದೆ ಅಲ್ಲಿಂದಲೇ ಅತ್ತದ್ದು. ಶಿವಾನಿ ನಕ್ಕಳು. ಮರದಿಂದ ಯಾರು ಇಳಿಸಿದರು ಎಂದು ಕೇಳಿದಳು. ವ್ಯಾಪಾರಕ್ಕೆ ಹೊರಟಿದ್ದ ರಾಜಶೇಖರ ಬಾಗಿಲ ಬಳಿ ಹೆಲ್ಮೆಟ್ ಹಿಡಿದುಕೊಂಡು ಕೇಳುತ್ತ ನಿಂತುಬಿಟ್ಟ. ಆ ಕತೆ ಅವನಿಗೂ ಗೊತ್ತಿರಲಿಲ್ಲ. ಅವತ್ತು ಶಿವಾನಿ ಸ್ಕೂಲಿಗೆ ತಡವಾಗಿ ಹೋದಳು. ತಟ್ಟೆ ಎಂಜಲಾಗಿ ನೆಲದ ಮೇಲೇ ಬಿದ್ದಿತ್ತು.

ಮರುದಿನ ಬರುತ್ತೇನೆಂದು ಹೇಳಿಬಂದ ಪುಟ್ಟಬಸಮ್ಮ ಮೂರು ದಿನ ಉಳಿದಳು. ದಿನಾ ಬೆಳಗ್ಗೆ ಶಾಂತಿಯ ಒಂದು ಕತೆಯಾಗುತ್ತಿತ್ತು. ಶನಿವಾರ ಸಂಜೆ ನೀಲಕಂಠಸ್ವಾಮಿ ಫೋನು ಮಾಡಿ, ಯಾವಾಗ ಬರುತ್ತೀಯೆಂದು ಕೇಳಿದ. ಅವಳು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟಳು.

ನಾಳೆ ಭಾನುವಾರ ಅಲ್ವಾ ತಾತ, ಬರುತ್ತೇವೆ ಎಂದಳು ಶಿವಾನಿ. ಎಷ್ಟು ಜನ ಬರುತ್ತೀರಿ ಎಂದು ಅತ್ತ ಕಡೆಯಿಂದ ಕೇಳಿರಬೇಕು. ಹುಡುಗಿ ಫೋನು ಕಿವಿಯಲ್ಲಿಟ್ಟುಕೊಂಡೇ ಅಡುಗೆಮನೆಯತ್ತ ನೋಡಿದಳು. ನಾಗರತ್ನ ಬೆನ್ನು ಮಾಡಿಕೊಂಡು ಅಕ್ಕಿ ತೊಳೆಯುತ್ತಿದ್ದಳು.

"ಚಿಕ್ಕಮ್ಮ," ಎಂದು ಕೂಗಿದಳು ಶಿವಾನಿ. "ನಾಳೆ ನಿಂಗೂ ರಜಾನೇ ಅಲ್ವಾ?"