ಬೀಸುಕಲ್ಲಿನ ಮುಂದೆ ಸೋಮನಿಂಗಪ್ಪ

ಜತ್ತ ಸಂಸ್ಥಾನ ಹೋಗಿ ಐದಾರು ವರ್ಷವಾಗಿತ್ತು. ವಳಸಂಗದ ಸೋಮನಿಂಗಪ್ಪನ ಮನೆಯೊಳಗಿನ ದರಬಾರು ಮಾತ್ರ ಹೋಗಿರಲಿಲ್ಲ. ತನ್ನನ್ನು ಕೇಳದೆ ಒಡಹುಟ್ಟಿದ ತಮ್ಮ ರೇವಪ್ಪ ತನ್ನ ಮಗಳನ್ನು ತಿಕೋಂಡಿ ಊರಿಗೆ ಮದುವೆ ಮಾಡಿಕೊಡಲು ಮಾತು ಕೊಟ್ಟನೆಂದು ಸಿಟ್ಟಾಗಿ, ಕಂಬಳಿ ಹೆಗಲಿಗೇರಿಸಿ ಹೊಲದ ಗುಡಿಸಲು ಸೇರಿದ್ದ. ತಾನಿಲ್ಲದೆ ಹೆಂಡತಿ ಗುರವ್ವನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ, ಮುದುಕಿ ತಾಯಿ ಸಾವಿತ್ರೆವ್ವ ಹಾಸಿಗೆ ಹಿಡಿಯುತ್ತಾಳೆ, ರೇವಪ್ಪ ಓಡಿಬಂದು ಕಾಲು ಹಿಡಿಯುತ್ತಾನೆ ಎಂದು ಆಸಾಮಿಯ ಲೆಕ್ಕ. ಬುತ್ತಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕರೆಯಲು ಮಾತ್ರ ಯಾರೂ ಬರಲಿಲ್ಲ.

ಬುತ್ತಿ ತಂದ ಕುರಿ ಕಾಯುವ ಲಗಮಣ್ಣನನ್ನೇ ಕೇಳಿದ. "ಮನ್ಯಾಗ ಎಲ್ಲಾರೂ ಹೆಂಗದಾರೋ?"

"ಭಾಳ ಚಲೋ ಅದಾರ್ರಿ," ಎಂದ ಆ ಪುಣ್ಯಾತ್ಮ.

ಆ ಮಾತು ಸೋಮನಿಂಗಪ್ಪನ ಹೊಟ್ಟೆಗೆ ಬೆಂಕಿ ಇಟ್ಟಿತು. ಮರುದಿನ ನಸುಕಿನಲ್ಲೇ ತಂಬಾಕು ತೀರಿತೆಂಬ ನೆಪ ಹೂಡಿಕೊಂಡು ಊರ ದಾರಿ ಹಿಡಿದ. ಅಳುವ ಹೆಂಡತಿಯನ್ನು ಹೇಗೆ ಸಮಾಧಾನ ಮಾಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

ಅಂಗಳಕ್ಕೆ ಬಂದವನು ಗಕ್ಕನೆ ನಿಂತ. ಒಳಗೆ ಬೀಸುಕಲ್ಲು ಗರಗರ ಎನ್ನುತ್ತಿತ್ತು, ಅದರ ಮೇಲೆ ಹಾಡು. ತವರಿನ ಬೇವಿನ ಮರ, ಅಣ್ಣನ ಬಂಡಿ, ಹಸಿರು ಬಳೆ ಎಲ್ಲವನ್ನೂ ಸೇರಿಸಿ ಗುರವ್ವ ಎತ್ತರದ ದನಿಯಲ್ಲಿ ಹಾಡುತ್ತಿದ್ದಳು. ಆ ಸೀಮೆಯಲ್ಲಿ ಹಾಡದೆ ಬೀಸುವ ಹೆಂಗಸೇ ಇಲ್ಲ; ತನ್ನ ಮನೆಯಲ್ಲಿ ಮಾತ್ರ ಬರೀ ಕಲ್ಲಿನ ಸದ್ದೇಕೆ ಎಂದು ಅವನಿಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಮದುವೆಯಾದ ಹೊಸತರಲ್ಲಿ "ನಿದ್ದಿ ಕೆಡಸ್ತಿ, ಬಾಯಿ ಮುಚ್ಚು" ಎಂದಿದ್ದ. ಅಂದವನು ಮರೆತಿದ್ದ. ಸಾವಿತ್ರೆವ್ವ ಹಾಡಿನ ಸೊಲ್ಲು ಎತ್ತಿಕೊಡಲು ಹೋಗಿ ತಪ್ಪಿದಳೇನೋ, ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ತಾನಿಲ್ಲದಾಗ ಈ ಮನೆ ಬದುಕುತ್ತದೆ! ತಾನಿದ್ದಾಗ ಉಸಿರು ಬಿಗಿಹಿಡಿದು ಕೂತಿರುತ್ತದೆ!

ಹೊಸ್ತಿಲು ದಾಟಿದ. ಹಾಡು ಅಲ್ಲಿಗೇ ನಿಂತಿತು. ತಾಯಿ ಗೋಡೆಯ ಕಡೆ ಮುಖ ತಿರುಗಿಸಿದಳು. ನಾಚಿಕೆಯಿಂದ ಅವನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ನಿಲ್ಲಸಬ್ಯಾಡ, ಹಾಡು," ಎಂದ.

"ತಪ್ಪಾತ್ರಿ." ಗುರವ್ವ ಸೆರಗು ಎಳೆದುಕೊಂಡಳು. "ಇನ್ನ ಹಾಡಂಗಿಲ್ರಿ."

"ಖರೇನ ಹೇಳಾಕತ್ತೀನಿ, ಹಾಡು."

ಅವಳು ಬೇಡವೆಂದು ತಲೆಯಾಡಿಸಿದಳು.

"ಹಾಡು ಅಂದ್ನಲ್ಲ!"

ಗದರಿದ್ದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಗುರವ್ವ ಬೀಸುಕಲ್ಲಿನ ಗೂಟ ಹಿಡಿದು, ನಡುಗುವ ದನಿಯಲ್ಲಿ, ಅವನು ಹೇಳಿದ ಹಾಗೆ ಹಾಡತೊಡಗಿದ್ದಳು.