ಎನಿಡ್ ತಲೆ ಎತ್ತಲಿಲ್ಲ

ಶನಿವಾರ ಬಂತೆಂದರೆ ವಾರಾಬಿನ್ ಗಾಲ್ಫ್ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಚಹಾ ಕಾಯಿಸುವುದು ಎನಿಡ್ ಪಾಲಿನ ಕೆಲಸ. ಮದುವೆಯಾಗಿ ಬಂದ ವರ್ಷ ಯಾರೋ ಅವಳ ಕೈಗೆ ಏಪ್ರನ್ ಕೊಟ್ಟರು, ವಾಪಸು ಕೇಳುವುದನ್ನು ಮರೆತರು. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ. ಆಡುವವರು ಚಹಾ ಮಾಡುವುದಿಲ್ಲ, ಚಹಾ ಮಾಡುವವರು ಆಡುವುದಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟವುಗಳಿಗಿಂತ ಗಟ್ಟಿ.

ಈ ವರ್ಷ ಆಟದ ಋತು ಶುರುವಾದ ದಿನ ಅವಳು ಕೆಟಲ್ ಕೆಳಗಿಟ್ಟು ಹೇಳಿಯೇಬಿಟ್ಟಳು: "ನಾನೂ ಆಡ್ತೀನಿ."

ಗಂಡ ಮರ್ವ್ ಊರಿನ ಚಾಂಪಿಯನ್ ಬೇರೆ. ಕೇಕ್ ಗಂಟಲಿಗೆ ಸಿಕ್ಕುವಷ್ಟು ನಕ್ಕ. "ನೀನಾ? ಕೊನೇ ಕುಳಿಯ ಹತ್ರ ಕುರಿ ನೀರು ಕುಡಿಯೋ ಹೊಂಡ ಇದ್ಯಲ್ಲ, ಅದನ್ನ ದಾಟಿಸು ಸಾಕು. ಒಂದೇ ಒಂದು ಚೆಂಡು! ಆಮೇಲೆ ಆ ಏಪ್ರನ್ ನಾನೇ ಕಟ್ಕೋತೀನಿ, ಎಲ್ರ ಮುಂದೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎನಿಡ್‌ಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಗೆದ್ದಿತು.

ಕಲಿಸಲು ಒಪ್ಪಿದವಳು ಸೊಂಟ ಹೋಗಿ ಆಟ ಬಿಟ್ಟಿದ್ದ ಮುದುಕಿ ಡಲ್ಸಿ. ಕುರಿ ಉಣ್ಣೆ ಕತ್ತರಿಸುವ ಶೆಡ್ಡಿನ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತಳು. ಎನಿಡ್ ಬೀಸಿದಳು, ಕೋಲು ಗಾಳಿಗೆ ಹೊಡೆಯಿತು. ಮತ್ತೆ ಬೀಸಿದಳು, ಮಣ್ಣು ಹಾರಿ ಡಲ್ಸಿಯ ಮಡಿಲಿಗೆ ಬಿತ್ತು. ಕೊನೆಗೂ ಚೆಂಡಿಗೆ ತಾಗಿದಾಗ ಅದು ಅಡ್ಡಡ್ಡ ಹೋಗಿ ತಗಡಿಗೆ ಬಡಿದು, ಕುರಿಗಳೆಲ್ಲ ದಿಕ್ಕಾಪಾಲಾದವು.

"ಹೊಡೆಯೋಕೆ ಮುಂಚೆನೇ ತಲೆ ಎತ್ತಿ ಏನೇ ನೋಡ್ತೀಯ?" ಡಲ್ಸಿ ರೇಗಿದಳು. "ಯಾರಿಗೆ ಟೀ ಸಿಕ್ತು, ಯಾರ ಕಪ್ ಖಾಲಿ ಆಯ್ತು ಅಂತ ನೋಡ್ತೀಯಲ್ಲ, ಹಾಗೇ ನೋಡ್ತಿದ್ದೀಯ. ಬಿಡು ಅದನ್ನ. ಇಲ್ಲಿ ನಿನಗಾಗಿ ಯಾರೂ ಕಾದಿಲ್ಲ ಕಣೇ. ಚೆಂಡು ನೋಡು."

ಎನಿಡ್ ಕೆಂಪಾದಳು. ಮಾತು ನಿಜವಾಗಿತ್ತು. ಆ ಚಳಿಗಾಲವೆಲ್ಲ ಅವಳು ಒಂದನ್ನೇ ಕಲಿತಳು: ತಲೆ ಎತ್ತದಿರುವುದು. ಕೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಗಟ್ಟಿಯಾದವು. ದೂರ ಹೋದ ಚೆಂಡುಗಳನ್ನು ಮರ್ವ್‌ನ ನಾಯಿಯೇ ಕಚ್ಚಿ ತಂದುಕೊಡುತ್ತಿತ್ತು, ಯಜಮಾನನಿಗೆ ಸುಳಿವು ಕೊಡದೆ.

ಸುಗ್ಗಿಗೆ ಮುಂಚಿನ ಕೊನೆಯ ಆಟದ ದಿನ ಎನಿಡ್ ಹೊಂಡದ ಈಚೆ ನಿಂತಳು. ಕುಳಿಯ ಬಾವುಟ ಹಿಡಿಯುವ ನೆಪದಲ್ಲಿ ಮರ್ವ್ ಆಗಲೇ ಆಚೆ ದಡದಲ್ಲಿದ್ದ. ಇಳಿಬಿಸಿಲು ಎದುರಿಗಿದ್ದುದರಿಂದ ಈಚೆಯವರಿಗೆ ಆಚೆಯದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಬೀಸಿದಳು. ಬೆಣ್ಣೆಗೆ ಚಾಕು ಇಳಿದಷ್ಟು ಹಗುರಾಗಿತ್ತು. ತಲೆ ಎತ್ತಲಿಲ್ಲ.

ನೀರಿಗೆ ಬಿದ್ದ ಸದ್ದಿಲ್ಲ. ಎಲ್ಲರೂ ದಡ ಬಳಸಿ ಹೋದರು. ಕುಳಿಯ ಸುತ್ತ ಹುಲ್ಲಿನ ಬದಲು ಹಾಸಿದ್ದ, ಎಣ್ಣೆ ಬೆರೆಸಿದ ಮರಳು ಗುರುತೇ ಉಳಿಯದಷ್ಟು ಗಟ್ಟಿಯಾಗಿತ್ತು. ಚೆಂಡು ಮಾತ್ರ ಇರಲಿಲ್ಲ.

ಕ್ಲಬ್ಬಿನ ನಾಯಕ ಆಲ್ಬಿ ಕೇಳಿದ: "ಮರ್ವ್, ಈ ಕಾಗೆಗಳು ಮೊಟ್ಟೆ ಅಂತ ಚೆಂಡು ಕದೀತಾವಲ್ಲ, ಅದೇನಾದ್ರೂ ಎತ್ಕೊಂಡು ಹೋಯ್ತಾ? ನೋಡಿದ್ರೆ ಹೇಳಪ್ಪ, ದಾಟಿದ ಲೆಕ್ಕ. ಯಾರೂ ನೋಡದಿದ್ರೆ ಹೊಂಡಕ್ಕೆ ಬಿತ್ತು ಅಂತ್ಲೇ."

ಮರ್ವ್ ಕಿವಿ ಕೆರೆದುಕೊಂಡ. "ನಾನು ಬಾವುಟ ನೋಡ್ತಿದ್ದೆ."

ಸುಳ್ಳು ಹೇಳುವಾಗಷ್ಟೇ ಅವನು ಕಿವಿ ಕೆರೆದುಕೊಳ್ಳುವುದು. ಅದು ಎನಿಡ್‌ಗೆ ಗೊತ್ತಿತ್ತು. ನಗೆಪಾಟಲಾಗುವ ಭಯಕ್ಕೆ ಹೆಂಡತಿಯ ಹೊಡೆತವನ್ನೇ ನುಂಗಿದನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಜಗಳವಾಡಬಹುದಿತ್ತು. ಆಡಲಿಲ್ಲ.

"ನೀವೆಲ್ಲ ಇಲ್ಲೇ ನಿಂತ್ಕೊಳ್ಳಿ," ಎಂದಳು. "ಕಣ್ಣು ಬಿಟ್ಕೊಂಡು ನೋಡಿ. ಮರ್ವ್, ನೀನೂ."

ಒಬ್ಬಳೇ ದಡ ಬಳಸಿ ಹಿಂದೆ ಹೋದಳು. ಆಚೆ ದಡದಲ್ಲಿ, ಬಿಸಿಲಿಗೆ ಬರೀ ಕಪ್ಪು ಆಕೃತಿಗಳಾಗಿ ಸಾಲು ನಿಂತವರು ಚಹಾಕ್ಕೆ ಕಾದವರಂತೆಯೇ ಕಂಡರು. ಕಾಯಲಿ ಎಂದುಕೊಂಡಳು. ಇನ್ನೊಂದು ಚೆಂಡು ಇಟ್ಟಳು, ಅದನ್ನೇ ನೋಡಿದಳು, ಬೀಸಿದಳು.

ತಲೆ ತಗ್ಗಿಸಿಯೇ ಇದ್ದವಳಿಗೆ ಮೊದಲು ಕೇಳಿದ್ದು ಕೂಗು. ಚೆಂಡು ಹೊಂಡ ದಾಟಿ ಮರಳಿನ ಮೇಲೆ ಉರುಳಿ ಕುಳಿಯ ಪಕ್ಕದಲ್ಲೇ ನಿಂತಿತ್ತು. ಮರುಗಳಿಗೆ ಮರದಿಂದ ಒಂದು ಕಾಗೆ ಇಳಿದು, ಯಾವ ಸಂಕೋಚವೂ ಇಲ್ಲದೆ ಅದನ್ನು ಕಚ್ಚಿಕೊಂಡು ಹಾರಿತು. ಆಟ ನೋಡಲು ಬಂದಿದ್ದ ಡಲ್ಸಿ ಕಾರಿನಲ್ಲೇ ಕೂತು ಹಾರ್ನ್ ಒತ್ತತೊಡಗಿದಳು, ಬಿಡಲೇ ಇಲ್ಲ.

"ಮರ್ವ್," ಆಲ್ಬಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಕೇಳಿದ, "ಮೊದಲನೇದೂ ಇದೇ ಕಾಗೆ ತಾನೇ?"

ಮರ್ವ್ ಕಿವಿಯ ತನಕ ಕೈ ಒಯ್ದ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಕೈ ಕೆಳಗಿಳಿಯಿತು. "ಹೂಂ. ಇದೇ. ಮೊದಲನೇದು ಇನ್ನೂ ಹತ್ರ ಬಿದ್ದಿತ್ತು."

ಎನಿಡ್ ಹಿಗ್ಗಿ ಹೀರೇಕಾಯಿಯಾದಳು. ಶೆಡ್ಡಿನಲ್ಲಿ ಗೂಟದಿಂದ ಏಪ್ರನ್ ತೆಗೆದು ತಾನೇ ಅವನ ಸೊಂಟಕ್ಕೆ ಬಿಗಿದಳು.

"ಮುಂದಿನ ವರ್ಷದಿಂದ ಕಣೇ," ಮರ್ವ್ ಗೊಣಗಿದ.

"ಈಗಿಂದ. ಎಲ್ರಿಗೂ ಬಾಯಾರಿದೆ."

ಅವಳು ಆಟಗಾರರ ಸಾಲಿನಲ್ಲಿ ನಿಂತಳು. ಮರ್ವ್ ಚೆಲ್ಲುತ್ತ, ಕೈ ಸುಟ್ಟುಕೊಳ್ಳುತ್ತ ಒಬ್ಬೊಬ್ಬರಿಗೆ ಚಹಾ ಬಗ್ಗಿಸಿದ. ಅವಳ ಸರದಿ ಬಂದಾಗ ಚಮಚ ಸಕ್ಕರೆ ಡಬ್ಬಿಯ ಮೇಲೆಯೇ ನಿಂತಿತು. "ನಿಂಗೆ... ಸಕ್ಕರೆ ಹಾಕ್ಲಾ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಎರಡು ಚಮಚ, ಮರ್ವ್," ಎಂದಳು ಎನಿಡ್. "ಕಲ್ತ್ಕೋ. ಈ ವಯಸ್ಸಲ್ಲಿ ನಾನು ಕಲೀಲಿಲ್ವಾ?"

ಹೊರಗೆ ಬೆಂಚಿನ ಮೇಲೆ ಡಲ್ಸಿಯ ಪಕ್ಕ ಕೂತು ಕುಡಿದಳು. ಒಳಗೆ ಯಾರೋ ಹಾಲು ಕೇಳಿದರು, ಇನ್ಯಾರೋ ಬಿಸ್ಕತ್ತು ಕೇಳಿದರು. ಕಪ್ ಖಾಲಿಯಾಗುವವರೆಗೂ ಎನಿಡ್ ತಲೆ ಎತ್ತಲಿಲ್ಲ.